ಒಂದೇ ಬೋಟಿನ ಪುಟ

ಆ ಮಧ್ಯಾಹ್ನ ಪುಟ ತೆರೆಯಲಿಲ್ಲ. ಮೊಬೈಲಿನ ನಡುವೆ ಬಿಳಿ ಉಂಗುರ ಗಿರಗಿರ ತಿರುಗುತ್ತಲೇ ಇತ್ತು.

ಹೊನ್ನಾವರದ ಬೋಟುಗಳು ಸಮುದ್ರದಲ್ಲಿ ಎಲ್ಲಿವೆ ಎಂದು ತೋರಿಸುವ ಪುಟ ಅದು. ಮಾಡಿದವಳು ನಾನೇ. ಪ್ರತಿ ಬೋಟಿನಲ್ಲಿರುವ ಸಾಧನ ಉಪಗ್ರಹದ ಮೂಲಕ ತಾನಿರುವ ಜಾಗ ತಿಳಿಸುತ್ತದೆ. ನನ್ನ ಸರ್ವರ್ ಅದನ್ನು ಬರೆದುಕೊಂಡು ನಕ್ಷೆಯ ಮೇಲೆ ಚುಕ್ಕಿ ಇಡುತ್ತದೆ. ಬೆಳಿಗ್ಗೆಯೇ ಬರಬೇಕಿದ್ದ ನನ್ನ ತಮ್ಮನ ಬೋಟು ಬಂದಿರಲಿಲ್ಲ. ಗಾಳಿ ಬೇರೆ ಎದ್ದಿತ್ತು. ಮಾವಿನಕುರ್ವೆಯ ನಮ್ಮ ಮನೆಯಲ್ಲಿ ಅನ್ನ ಆರಿಹೋಗಿತ್ತು, ಯಾರೂ ತಟ್ಟೆ ಹಾಕಿರಲಿಲ್ಲ.

“ಎಂತ ಆತು ಮಗಾ? ಕಾಣ್ತಾ?” ಅಮ್ಮ ಕೇಳಿದಳು.

“ಇಲ್ಲ, ತಡಿ.”

“ನೀನೇ ಮಾಡಿದ್ದಲ್ದಾ ಅದು?”

ಈ ಮಾತಿಗೆ ನನಗೆ ಮೈ ಉರಿಯಿತು. ಹಿಂದಿನ ದಿನವಷ್ಟೇ ನಕ್ಷೆಯಲ್ಲಿ ಏನೋ ಬದಲಿಸಿದ್ದೆ. ಅದರದೇ ಕಿತಾಪತಿ ಎಂದು ಹಳೆಯದನ್ನು ಮತ್ತೆ ತಂದಿಟ್ಟೆ. ಉಂಗುರ ತಿರುಗುತ್ತಲೇ ಇತ್ತು. ನೆಟ್ ನೋಡಿದೆ, ಸರಿಯಿತ್ತು. ಸರ್ವರ್ ಬಂದ್ ಮಾಡಿ ಶುರು ಮಾಡಿದೆ. ತುಸು ಹೊತ್ತು ಚುರುಕಾಗಿ ಓಡಿ ಮತ್ತೆ ಕುಸಿದು ಕೂತಿತು. ಆ ತುಸು ಹೊತ್ತಿನಲ್ಲಿ ಕಂಡ ಚುಕ್ಕಿ ಬೆಳಿಗ್ಗೆಯದು, ಭಟ್ಕಳದ ಆಚೆ ನಡುನೀರಿನಲ್ಲಿ. ಆಮೇಲೆ ಬೋಟು ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರವಿಲ್ಲ. ನಾನು ಏಳುತ್ತಿದ್ದೆ, ಅಂಗಳಕ್ಕೆ ಹೋಗುತ್ತಿದ್ದೆ, ಬಂದು ಕೂತು ಕೈಗೆ ಸಿಕ್ಕಿದ್ದನ್ನೆಲ್ಲ ತಿದ್ದುತ್ತಿದ್ದೆ. ಗಾಬರಿಯಾದಾಗ ನೋಡುವ ಮೊದಲೇ ತಿದ್ದುವ ಕೆಟ್ಟ ಬುದ್ಧಿ ನನ್ನದು.

ಕೊನೆಗೆ ತಿದ್ದುವುದು ಬಿಟ್ಟು ನೋಡಿದೆ. ಸರ್ವರನ್ನು ಯಾರು ಏನು ಕೇಳುತ್ತಿದ್ದಾರೆ? ಸಾಲುಸಾಲಾಗಿ ಒಂದೇ ಪ್ರಶ್ನೆ, ತಮ್ಮನ ಬೋಟಿನದು. ತೆರೆದಿಟ್ಟ ಪ್ರತಿ ಪುಟವೂ ಕೆಲವು ಕ್ಷಣಗಳಿಗೊಮ್ಮೆ ತಾನಾಗಿಯೇ ಸರ್ವರನ್ನು ಕೇಳುವಂತೆ ನಾನೇ ಬರೆದಿದ್ದೆ. ಜನ ನೋಡುತ್ತಾರೆ, ಮುಚ್ಚುತ್ತಾರೆ ಎಂದುಕೊಂಡಿದ್ದೆ. ಇವತ್ತು ಯಾರೂ ಮುಚ್ಚಿರಲಿಲ್ಲ.

ತಲೆ ಎತ್ತಿ ನೋಡಿದರೆ ಅಮ್ಮನ ಮೊಬೈಲು ದೇವರ ದೀಪದ ಪಕ್ಕ ಗೋಡೆಗೆ ಒರಗಿತ್ತು, ಪುಟ ತೆರೆದೇ ಇತ್ತು. ಮೊದಲೆಲ್ಲ ಬೋಟು ತಡವಾದರೆ ನಮ್ಮ ಹೆಂಗಸರು ನದಿ ಕಡಲು ಸೇರುವ ಅಳಿವೆಯ ದಡಕ್ಕೆ ಹೋಗಿ ನಿಲ್ಲುತ್ತಿದ್ದರು. ಬೋಟು ಕಾಣುವ ತನಕ ಬೆನ್ನು ತಿರುಗಿಸುವಂತಿರಲಿಲ್ಲ, ತಿರುಗಿಸಿದರೆ ಬೋಟು ಬರುವುದಿಲ್ಲ ಎಂಬ ನಂಬಿಕೆ. ಈಗ ಮೊಬೈಲಿನ ಮುಂದೆ ನಿಂತಿದ್ದರು. ಕೇರಿಯ ಮನೆಮನೆಯಲ್ಲಿ, ಪೇಟೆಯ ಮೀನು ಬುಟ್ಟಿಗಳ ಪಕ್ಕ, ಕುಮಟೆಯ ನೆಂಟರಲ್ಲಿ. ಆ ನೂಕುನುಗ್ಗಲಿನಲ್ಲಿ ಬೋಟು ಕಳಿಸಿದ ಸಂದೇಶವೇ ಒಳಗೆ ಬರಲಾರದೆ ಹೊರಗೆ ನಿಂತಿರಬೇಕು.

“ಅಮ್ಮಾ, ಸ್ವಲ್ಪ ಹೊತ್ತು ಅದನ್ನ ಬಂದ್ ಮಾಡು. ಎಲ್ಲರಿಗೂ ಹೇಳು.”

“ಬೋಟು ಬರದೆ ಬಂದ್ ಮಾಡೂದಾ? ಬಾಯಲ್ಲಿ ಎಂತ ಮಾತು ಬತ್ತು ನಿಂಗೆ!”

ವಾದಕ್ಕೆ ಹೊತ್ತಿರಲಿಲ್ಲ. ನನ್ನದೊಂದನ್ನು ಬಿಟ್ಟು ಎಲ್ಲರಿಗೂ ಒಟ್ಟಿಗೆ ಪುಟ ಬಂದ್ ಮಾಡಿದೆ. ಅಮ್ಮನ ಮೊಬೈಲು ಬೆಳ್ಳಗಾಯಿತು. “ಮಗಾ, ಎಂತ ಮಾಡ್ದೆ ನೀನು?” ಎಂದವಳು ಅಲ್ಲೇ ನೆಲಕ್ಕೆ ಕುಸಿದಳು. ಹೊರಗೆ ಪಕ್ಕದ ಮನೆಯವರು ಕೂಗುತ್ತಾ ಓಡಿಬರುವುದು ಕೇಳಿಸಿತು. ಸಂದೇಶ ಬರದಿದ್ದರೆ ಇವರ ಮುಖ ಹೇಗೆ ನೋಡಲಿ?

ಬಂದವು. ಬೆಳಿಗ್ಗೆಯಿಂದ ತಡೆದು ನಿಂತವೆಲ್ಲ ಒಂದರ ಹಿಂದೊಂದು ಬಂದವು. ಕೊನೆಯ ಚುಕ್ಕಿ ಮಂಕಿಯ ಎದುರಿಗೆ. ಅದರ ಮುಂದೆಯೇ ಇನ್ನೊಂದು ಬೋಟಿನ ಚುಕ್ಕಿ, ಎರಡೂ ಒಟ್ಟಿಗೆ ಆಮೆಯ ಹಾಗೆ ಉತ್ತರಕ್ಕೆ ಬರುತ್ತಿದ್ದವು. ಎಂಜಿನ್ ಕೆಟ್ಟಿದೆ, ಇನ್ನೊಬ್ಬರು ಹಗ್ಗ ಕಟ್ಟಿ ಎಳೆದು ತರುತ್ತಿದ್ದಾರೆ. ಅಮ್ಮನಿಗೆ ಅದನ್ನು ತೋರಿಸುತ್ತಾ ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ತಮ್ಮ ಬಂದ. ಅಷ್ಟರಲ್ಲಿ ನಾನು ಪುಟವನ್ನು ಸರಿಮಾಡಿ ಮತ್ತೆ ತೆರೆದಿದ್ದೆ. ಬೋಟಿನ ಸಂದೇಶಕ್ಕೆ ಬೇರೆಯೇ ದಾರಿ ಬಿಟ್ಟಿದ್ದೆ. ಅಮ್ಮ ಅವನಿಗೆ ಬಡಿಸಿ, ನನ್ನ ತಟ್ಟೆಗೂ ಅನ್ನ ಹಾಕಿ, ನನ್ನ ಮುಖ ನೋಡದೆ ಹೇಳಿದಳು: “ಇನ್ನೊಂದ್ ಸಲ ಹಾಂಗೆ ಬಂದ್ ಮಾಡ್ಬೇಡ.”

ಮಾಡಿಲ್ಲ. ಆದರೆ ಈಗಲೂ ಎಂದಾದರೊಂದು ದಿನ ಪುಟ ನಿಧಾನವಾಗುತ್ತದೆ. ಆಗ ನಾನು ಕೋಡ್ ತೆರೆಯುವುದಿಲ್ಲ. ಯಾರ ಬೋಟು ಬಂದಿಲ್ಲ ಎಂದು ಮೊದಲು ಕೇಳುತ್ತೇನೆ.