ದಿಲಾವರನ ಮೋಟಾರಿಗೆ ಹಾಕಿದ ಹೊಲಿಗಿ

ಸವಣೂರಿನ ಕಮ್ಮಾರ ಹೂವಪ್ಪನ ಕೈಯಾಗ ಒಂದು ಗುಣ ಇತ್ತು, ತಲಿಯಾಗ ಒಂದು ಖೋಡಿ ಇತ್ತು. ಕಬ್ಬಿಣ ಅವನ ಮಾತು ಕೇಳ್ತಿತ್ತು, ಅದು ಗುಣ. ಜಗತ್ತಿನಾಗಿನ ಎಲ್ಲಾ ಕಬ್ಬಿಣಾನೂ ತನ್ನ ಮಾತು ಕೇಳತೈತಿ ಅಂತ ತಿಳಕೊಂಡಿದ್ದ ನೋಡ್ರಿ, ಅದು ಖೋಡಿ. ಅವನ ಅಪ್ಪ, ಅವನ ಮುತ್ಯಾ ಎಲ್ಲಾರೂ ಅದ ಕುಲುಮಿ ಮುಂದ ಕುಂತು ಕುಡಗೋಲು, ಕುರಪಿ ಬಡದವರು. ಹೂವಪ್ಪನೂ ಮೂವತ್ತು ವರ್ಷ ಬಡದಿದ್ದ.

ಅದರಾಗೂ ಗಾಡಿ ಗಾಲಿಗೆ ಹಳಿ ಏರಿಸೂದಂದ್ರ ಹಾನಗಲ್ಲಿನಿಂದ ಸೈತ ಅವಂಗ ಕರೆ ಬರ್ತಿತ್ತು. ಕಬ್ಬಿಣದ ಹಳೀನ ಕಟಗಿ ಗಾಲಿಗಿಂತ ಒಂದೀಟ ಸಣ್ಣದು ಮಾಡಬೇಕು. ಕುಳ್ಳಿನ ಬೆಂಕ್ಯಾಗಿಟ್ಟು ಕೆಂಪಗಾಗೂ ಹಂಗ ಕಾಸಬೇಕು. ಹಿಗ್ಗಿದ ಹಳೀನ ಇಕ್ಕಳದಾಗ ಹಿಡದು ಗಾಲಿ ಮ್ಯಾಲೆ ಕೂಡಿಸಿ, ಕೊಡಗಟ್ಟಲೆ ತಣ್ಣೀರು ಸುರೀಬೇಕು. ಚುಂಯ್ ಅಂತ ಉಗಿ ಏಳತೈತಿ, ಹಳಿ ಕುಗ್ಗಿ ಗಾಲೀನ ಬಿಗಿಯಾಗಿ ಹಿಡಕೊಳ್ಳತೈತಿ. ಕಾದ ಕಬ್ಬಿಣಕ್ಕ ತಣ್ಣೀರು ಬಿದ್ರ ಎಲ್ಲಾ ನೆಟ್ಟಗಾಗತೈತಿ ಅನ್ನೂದು ಹೂವಪ್ಪನ ರಕ್ತದಾಗ ಇಳದಿತ್ತು.

ಅವನ ಜೀವದ ಗೆಳ್ಯಾ ದಿಲಾವರ, ಹಿಂದಿನ ಓಣ್ಯಾಂವ. ದಿಲಾವರನ ಹತ್ರ ಎರಡನೇ ಮಹಾಯುದ್ಧಕ್ಕಿಂತ ಮೊದಲಿನ ಒಂದು ಹಳೇ ಕರೀ ಮೋಟಾರು ಇತ್ತು, ಬಾಡಿಗಿಗೆ ಹೊಡೀತಿದ್ದ. ಸವಣೂರಿನ ವೀಳ್ಯದೆಲಿ ಪೆಂಡಿ ಶಿಗ್ಗಾಂವಿಗೆ, ಕಚೇರಿ ಕೆಲಸದವರು ಹಾನಗಲ್ಲಿಗೆ, ಬ್ಯಾನಿ ತಿನ್ನೂ ಬಸರಿ ಹೆಣ್ಣಮಕ್ಕಳು ಹುಬ್ಬಳ್ಳಿಗೆ, ಎಲ್ಲಾ ಅದರಾಗ. ಮನಿ ಮಂದಿ ಹೊಟ್ಟಿ ಅದರ ಮ್ಯಾಲೆ ನಡೀತಿತ್ತು. ದಿಲಾವರ ಬಾಳ ಶಾಂತ ಮನಶ್ಯಾ, ಆದ್ರ ಮೋಟಾರಿನ ವಿಷಯದಾಗ ಕಟ್ಟುನಿಟ್ಟು. ಅವನ್ನ ಕೇಳದ ಯಾರೂ ಅದರ ಬಾಗಲಾ ತಗೀತಿದ್ದಿಲ್ಲ.

ಅರವತ್ತನೇ ಇಸ್ವಿ ಸಂಕ್ರಾಂತಿ ಹೊತ್ತಿಗೆ ದಿಲಾವರಗ ವಿಷಮಜ್ವರ ಬಂದು ಹುಬ್ಬಳ್ಳಿ ದವಾಖಾನಿ ಸೇರಿದ. ಜ್ವರ ಬರೂಕಿಂತ ಮೊದಲ, ಮೋಟಾರು ದಿಬ್ಬ ಏರಾಕ ತ್ರಾಸ ಮಾಡಾಕತ್ತೈತಿ, ಎಂಜಿನ್ ಬಿಚ್ಚಿ ಮಸಿ ತಗೀಬೇಕು ಅಂತ ಹೂವಪ್ಪನ ಮುಂದ ಅಂದಿದ್ದ. ಹೂವಪ್ಪನ ತಲಿಯಾಗ ಆ ಮಾತು ಹೊಕ್ಕಿತು. ಗೆಳ್ಯಾ ಬರೂದ್ರಾಗ ತಾನ ಮಾಡಿಡಬೇಕು, ಅವ ಬಂದು ಬೆರಗಾಗಬೇಕು! ಹುಬ್ಬಳ್ಳಿ ಮಿಸ್ತ್ರಿ ಬಿಚ್ಚೂದನ್ನ ಎರಡು ಸಲ ಬಾಜೂಕ ನಿಂತು ನೋಡಿದ್ದ, ಮತ್ತೇನ ಬೇಕು?

ದಿಲಾವರನ ಹೇಂತಿ ಖತೀಜಾಬಿ ಚಾವಿ ಕೈಯಾಗ ಹಿಡಕೊಂಡು ಅನುಮಾನ ಮಾಡಿದಳು. "ಹೂವಪ್ಪಣ್ಣ, ಅವರು ಬರ್ಲಿ. ಒಂದು ಮಾತು ಕೇಳಿ ಮಾಡಿದ್ರಾತು."

"ಏ ಭಾಬಿ, ಕಬ್ಬಿಣದ ಕೆಲಸ ಹೂವಪ್ಪಗ ಕಲಸ್ತೀಯೇನು? ತಾ ಇಲ್ಲೆ."

ಆಕಿ ಕೊಟ್ಟಳು. ಆ ಮನಿಯಾಗ ಹೂವಪ್ಪಗ ಇಲ್ಲ ಅನ್ನೂ ರೂಢಿ ಇದ್ದಿಲ್ಲ.

ಖರೇ ಹೇಳಬೇಕಂದ್ರ ಬಿಚ್ಚೂ ಕೆಲಸ ಚಂದನ ಮಾಡಿದ. ತಟ್ಟಿನ ಚೀಲ ಹಾಸಿ, ಯಾವ ನಟ್ಟು ಎಲ್ಲಿಂದು ಅಂತ ಸುಣ್ಣದಾಗ ಗುರ್ತು ಬರದು, ಮಸಿ ಕೆರದು, ಒರಸಿ, ಹೆಂಗಿತ್ತೋ ಹಂಗ ಕೂಡಿಸಿದ. ಬಿಚ್ಚೂವಾಗ ಎಂಜಿನ್ನಿನ ನೀರು ಖಾಲಿ ಮಾಡಿದ್ದ. ಈಗ ತುಂಬಬೇಕು. ಅರ್ಧ ಕೊಡ ಹಾಕೂದ್ರಾಗ ನೀರು ಬಾಯಿತನಕಾ ಬಂತು. ತುಂಬೇತಿ ಅಂದುಕೊಂಡ. ಒಳಗ ಗಾಳಿ ಸಿಕ್ಕೊಂಡು ಕುಂತೈತಿ, ಇನ್ನೂ ಒಂದೂವರಿ ಕೊಡ ಹಿಡೀತೈತಿ ಅಂತ ಅವಂಗೇನ ಗೊತ್ತು?

ಹ್ಯಾಂಡಲ್ ತಿರುವಿದ. ಮೂರನೇ ಸುತ್ತಿಗೆ ಎಂಜಿನ್ ಹೊತ್ತಿತು. ಅಂಗಳದಾಗ ನಿಂತಲ್ಲೇ ಗುರ್ ಗುರ್ ಅಂತ ಓಡಾಕತ್ತಿತು. ಹೂವಪ್ಪ ಕೈ ಕಟಗೊಂಡು ನಿಂತು ಕೇಳಿದ. ಖತೀಜಾಬಿ ನಗುತ್ತ ಚಾ ತಂದಳು. ಚಾ ಮುಗಿಯೂದ್ರಾಗ ಬಣ್ಣ ಸುಟ್ಟ ವಾಸನಿ ಬಂತು, ಮುಂದಿನ ಮುಚ್ಚಳದ ಸಂದ್ಯಾಗಿಂದ ಉಗಿ ಬುಸುಗುಟ್ಟಿತು. ಹೂವಪ್ಪ ಎಂಜಿನ್ ಬಂದ್ ಮಾಡಿದ, ಮುಚ್ಚಳ ತಗದ, ನೋಡಿದ್ರ ಒಳಗ ನೀರಿಲ್ಲ. ಅವಂಗ ಹೊಳದದ್ದು ಒಂದ. ಹಿತ್ತಲದ ಹೌದಿನ್ಯಾಗಿಂದ ಒಂದು ಕೊಡ ಎತ್ತಿದ, ಥಂಡಿ ದಿನದ ತಣ್ಣೀರು, ಹಳಿ ಮ್ಯಾಲೆ ಸುರದಂಗ ಸುರದ.

ಟಣ್ ಅಂತು.

ಸಪ್ಪಳ ದೊಡ್ಡದೇನಲ್ಲ. ಆದ್ರ ಕಮ್ಮಾರಗ ಅದರ ಅರ್ಥ ಯಾರೂ ಹೇಳಬೇಕಾಗಿದ್ದಿಲ್ಲ. ಎಂಜಿನ್ನಿನ ಎಡಗಡೆ ಮೈಮ್ಯಾಲೆ ಒಂದು ಗೇಣು ಉದ್ದ, ಕೂದಲೆಳಿಯಷ್ಟು ಸಣ್ಣ ಬಿರುಕು. ಅದರಾಗಿಂದ ನೀರು ಹನಿಹನಿ ಇಳೀತಿತ್ತು. ಎಂಜಿನ್ನಿನ ಮೈ ಬಡದ ಕಬ್ಬಿಣ ಅಲ್ಲ, ಅಚ್ಚಿನಾಗ ಎರದ ಬೀಡು. ಬಡದ ಕಬ್ಬಿಣ ಬಗ್ಗತೈತಿ, ಕುಗ್ಗತೈತಿ. ಬೀಡಿಗೆ ಅದು ಬರೂದಿಲ್ಲ, ಅದಕ್ಕ ಬರೂದು ಒಡಿಯೂದೊಂದ. ಇದು ಹೂವಪ್ಪಗ ಗೊತ್ತಿರದ ಮಾತಲ್ಲ. ಗೊತ್ತಿದ್ದೂ ಕೈ ಮೊದಲ ಓಡಿತ್ತು.

"ಏನಾತಣ್ಣ?" ಅಂತ ಖತೀಜಾಬಿ ಓಡಿ ಬಂದಳು.

"ಏನಿಲ್ಲ ಭಾಬಿ. ನೀರು ಚೆಲ್ತು."

ಕಬ್ಬಿಣದ ವಿಷಯದಾಗ ಹೂವಪ್ಪ ಹೇಳಿದ ಮೊದಲನೇ ಸುಳ್ಳು ಅದು. ಮನಿಗೆ ಬಂದು ರೊಟ್ಟಿ ಮುರದು ಕೈಯಾಗ ಹಿಡಕೊಂಡ, ಬಾಯಿಗೆ ಒಯ್ಯಲಿಲ್ಲ. ಹೇಂತಿ ಅಡಿವೆವ್ವ ಎರಡು ಹೊತ್ತು ನೋಡಿದಳು, ಮೂರನೇ ಹೊತ್ತಿಗೆ ತಾಟು ತಗದು ಆ ಕಡೆ ಇಟ್ಟಳು.

"ಏನ್ ಒಡದ್ರಿ?" ಅಂದಳು.

ಒಳ್ಳೇ ಹೆಣ್ಣಮಗಳು! ಏನಾತು ಅಂತ ಕೇಳಲಿಲ್ಲ, ಏನ್ ಒಡದ್ರಿ ಅಂತ ಕೇಳಿದಳು. ಹೂವಪ್ಪ ಎಲ್ಲಾ ಹೇಳಿದ. ದಿಲಾವರ ಬರಾಕ ಹದಿನೈದು ದಿನ ಐತಿ, ಅಷ್ಟರಾಗ ಹ್ಯಾಂಗರ ಮಾಡಿ ರಿಪೇರಿ ಮಾಡ್ತೇನಿ, ಆಮ್ಯಾಲೆ ಭಾಬಿ ಮುಂದ ಹೇಳ್ತೇನಿ ಅಂದ.

"ರಿಪೇರಿ ಮಾಡಿ ಹೇಳಿದ್ರ ಅದು ತಪ್ಪು ಒಪ್ಪಿದಂಗಲ್ರಿ, ಶಾಣ್ಯಾತನ ತೋರಿಸಿದಂಗ. ಈಗ ಎದ್ದು ಹೋಗ್ರಿ."

ಹ್ವಾದ. ಖತೀಜಾಬಿ ಹೊಸ್ತಿಲದಾಗ ಕುಂತು ಕೇಳಿದಳು. ಕೂಗಾಡಲಿಲ್ಲ, ಸೆರಗು ಬಾಯಿಗೊತ್ತಿ ಅತ್ತಳು. ಬಕ್ರೀದ್ ಮುಗಿದ ಮ್ಯಾಲೆ ಮಗಳು ಇಮಾಮಬಿ ಮದುವಿ ಗೊತ್ತಾಗಿತ್ತು. ಮೋಟಾರು ನಿಂತ್ರ ಮನಿಯಾಗ ಒಲಿ ಹತ್ತೂದ ಕಷ್ಟ, ಮದುವಿ ಎಲ್ಲಿಂದ? "ಚಾವಿ ಕೊಟ್ಟಾಕಿ ನಾನು," ಅಂದಳು ಕಡೀಕ. "ಅವರ ಜೀವದಾಗ ಈಗ ಬಲ ಇಲ್ಲ ಅಣ್ಣ. ಮನಿಗೆ ಬರೂತನಕಾ ಅವರ ಕಿವಿಗೆ ಹಾಕಬ್ಯಾಡ. ಬಂದ ಕೂಡ್ಲೆ ನೀನ ಹೇಳು." ಆ ಮಾತು ಹೂವಪ್ಪಗ ಬೈಗಳಕ್ಕಿಂತ ಜಾಸ್ತಿ ಚುಚ್ಚಿತು.

ಎರಡು ದಿನ ಅವ ಮೋಟಾರಿಗೆ ಕೈ ಹಚ್ಚಲಿಲ್ಲ. ಬರೇ ಮುಂದ ಕುಂತು ನೋಡಿದ. ಬೀಡು ಬೆಂಕಿಗಿಟ್ಟು ಬೆಸೀತೇನಿ ಅಂದ್ರ ಇನ್ನಷ್ಟು ಒಡೀತೈತಿ. ಹಂಗಾದ್ರ ಬೆಂಕಿ ಬ್ಯಾಡ. ಅರಿವಿ ಹರದ್ರ ಹೊಲೀತಾರ. ಇದನ್ನ ಯಾಕ ಹೊಲೀಬಾರದು? ಮೊದಲ ಒಂದು ಒಡದ ಬೀಡಿನ ಚಕ್ರ ತಂದು ಅದರ ಮ್ಯಾಲೆ ಕೈ ನೋಡಿಕೊಂಡ. ಮೊದಲನೇ ತೂತಿಗೆ ಅದು ಸೀಳಿತು, ಎರಡನೇದ್ದಕ್ಕೂ ಸೀಳಿತು. ಅವಸರ ಮಾಡಬಾರದಂತ ಬುದ್ಧಿ ಬಂತು. ಮೂರನೇದ್ದು ನಿಂತಿತು.

ಆಮ್ಯಾಲೆ ಮೋಟಾರಿಗೆ ಬಂದ. ಬಿರುಕು ಮುಂದ ಓಡಬಾರದಂತ ಅದರ ಎರಡೂ ತುದಿಗೆ ಒಂದೊಂದು ತೂತು ಹಾಕಿದ. ಕೈ ಬೈರಿಗಿಯಿಂದ, ಒಂದು ತೂತಿಗೆ ಅರ್ಧ ತಾಸು. ಅದರಾಗ ತಿರುಪು ಕೊರದು ತಾಮ್ರದ ಮೊಳಿ ತಿರುವಿದ, ತಲಿ ಕೊಯ್ದು ಸಣ್ಣ ಸುತ್ತಿಗಿಯಿಂದ ಮೆಲ್ಲಕ ಬಡದ. ಬಿರುಕಿನ ಗುಂಟ ಮುಂದಿನ ತೂತು ಹಿಂದಿನ ಮೊಳೀನ ಒಂದೀಟ ಕಚ್ಚೂ ಹಂಗ ಹಾಕಿದ, ಅದರ ಮುಂದಿಂದು ಅದನ್ನ ಕಚ್ಚೂ ಹಂಗ. ಇಪ್ಪತ್ತಾರು ಮೊಳಿ ಹಿಡೀತು. ಬೆನ್ನು ಬಗ್ಗಿ ನಿಂತು ನಿಂತು ಮನಿಗೆ ಹೋಗೂವಾಗ ಗ್ವಾಡಿ ಹಿಡಕೊಂಡು ನಡೀತಿದ್ದ.

ನಡುವ ಅವರಾತ್ರಿ ಅಮಾಸಿ ಬಂತು. ಅಮಾಸಿ ದಿನ ಕಮ್ಮಾರರು ಕುಲುಮಿ ಹಚ್ಚೂದಿಲ್ಲ, ಸುತ್ತಿಗಿ ಮುಟ್ಟೂದಿಲ್ಲ. ಹೂವಪ್ಪನ ವಂಶದಾಗ ಯಾರೂ ಮುರೀದ ನೇಮ ಅದು. ಆದ್ರ ಬೈರಿಗಿ ಮೊನಿ ಮೊಂಡಾಗಿತ್ತು, ಕಾಸಿ ಬಡೀಬೇಕು, ದಿನ ಉಳಿದಿದ್ದಿಲ್ಲ. ಕುಲದೇವಿ ಕಾಳವ್ವನ ಪಟದ ಮುಂದ ನಿಂತು, "ಅವ್ವಾ, ನಿನ್ನ ನೇಮ ಮುರದ್ರ ನನ್ನ ಬಡೀ. ಗೆಳ್ಯಾನ ಅನ್ನ ಕಸದ್ರ ನೀ ಬಡದ್ರೂ ಸಾಲೂದಿಲ್ಲ," ಅಂದು ಕುಲುಮಿ ಹಚ್ಚಿದ. ಅಡಿವೆವ್ವ ತಿದಿ ಒತ್ತಿದಳು.

ಮೊಳಿ ಸಂದ್ಯಾಗ ಇನ್ನೂ ನೀರು ಜಿನುಗತಿತ್ತು. ಅದಕ್ಕ ಅಪ್ಪನ ವಿದ್ಯೆ ನೆನಪಾತು. ಬೆಲ್ಲದ ಕೊಪ್ಪರಿಗಿ ಸೋರಿದ್ರ ಅಪ್ಪ ಅರದಿಂದ ಉಜ್ಜಿದ ಕಬ್ಬಿಣದ ಪುಡಿ, ನವಸಾಗರ, ಚೂರು ಗಂಧಕ ನೀರಾಗ ಕಲಸಿ ಮೆತ್ತತಿದ್ದ. ಕಬ್ಬಿಣದ ಪುಡಿ ಅಲ್ಲೇ ತುಕ್ಕು ಹಿಡದು, ಉಬ್ಬಿ, ಕಲ್ಲಿನಂಗ ಆಗತೈತಿ. ಜನ್ಮಾ ಪೂರ್ತಿ ತುಕ್ಕಿನ ಕೂಡ ಜಗಳಾಡಿದ ಕಮ್ಮಾರ, ಈಗ ತುಕ್ಕ ಬಾರವ್ವ ಅಂತ ಮೂರು ದಿನ ಕಾದ. ನಾಲ್ಕನೇ ದಿನ ಬೆಚ್ಚಗಿನ ನೀರು ತಂಬಿಗಿಲೆ ಒಂದೊಂದ ಹಾಕಿ, ಗಾಳಿ ಹೊರಗ ಬರೂತನಕಾ ನಿಂತು, ಮತ್ತ ಹಾಕಿ, ಎರಡು ಕೊಡ ತುಂಬಿದ. ಹ್ಯಾಂಡಲ್ ತಿರುವಿದ. ಒಂದು ತಾಸು ಓಡಿದ್ರೂ ಹನಿ ಇಳೀಲಿಲ್ಲ.

ದಿಲಾವರ ಎಲುಬಿನ ಗೂಡಾಗಿ ಬಂದಿಳದ. ಮೋಟಾರಿಗೆ ಕರೀ ಬಣ್ಣ ಹಚ್ಚಿದ್ರ ಹೊಲಿಗಿ ಯಾರಿಗೂ ಕಾಣ್ತಿದ್ದಿಲ್ಲ. ಹೂವಪ್ಪ ಹಚ್ಚಿದ್ದಿಲ್ಲ. ದಿಲಾವರ ಚಾ ಕುಡದು ಮುಗಿಸಿದ ಕೂಡ್ಲೆ ಅವನ್ನ ಅಂಗಳಕ್ಕ ಕರಕೊಂಡು ಹೋಗಿ, ಮುಚ್ಚಳ ಎತ್ತಿ, ಮಸಿಯಾಗ ಹೊಳಿಯೂ ತಾಮ್ರದ ಚುಕ್ಕಿ ತೋರಿಸಿ, ನೀರು ಸುರದದ್ದು, ಸುಳ್ಳು ಹೇಳಿದ್ದು, ಎಲ್ಲಾ ಹೇಳಿದ.

ದಿಲಾವರ ಬಾಳ ಹೊತ್ತು ಬೆರಳಿನಿಂದ ಮೊಳಿ ಸವರಿದ. "ನನ್ನ ಒಂದು ಮಾತು ಕೇಳಬೇಕಾಗಿತ್ತು," ಅಂದು ಒಳಗ ಹ್ವಾದ.

ಅಷ್ಟ. ಜಗಳ ಇಲ್ಲ, ಬೈಗಳ ಇಲ್ಲ. ಐದು ತಿಂಗಳು ಮಾತೂ ಇಲ್ಲ. ಮೋಟಾರು ಓಡಾಕತ್ತಿತು, ಎಲಿ ಪೆಂಡಿ ಹೋದುವು, ಮನಿ ಒಲಿ ಹತ್ತಿತು. ಕುಲುಮಿ ಮುಂದ ಹಾದು ಹೋಗೂವಾಗ ದಿಲಾವರ ರಸ್ತಾ ನೋಡಿಕೊಂಡು ಹೋಗ್ತಿದ್ದ. ಹೂವಪ್ಪ ಸುತ್ತಿಗಿ ಕೆಳಗಿಟ್ಟು, ಎಂಜಿನ್ ಸಪ್ಪಳ ಮರೆ ಆಗೂತನಕಾ ಕಿವಿ ಕೊಟ್ಟು ಕುಂದ್ರತಿದ್ದ. ಎಂಜಿನ್ ಗುಣ ಆಗಿತ್ತು, ಇವರಿಬ್ಬರ ನಡುವಿಂದು ಆಗಿದ್ದಿಲ್ಲ. ಸಂಕಟ ತಡೀದ ಒಮ್ಮೊಮ್ಮೆ ಅಡಿವೆವ್ವನ ಮ್ಯಾಲೆ ರೇಗತಿದ್ದ, ಆಮ್ಯಾಲೆ ತಾನ ನಾಚಿ ಸುಮ್ಮನಾಗ್ತಿದ್ದ.

ಬಕ್ರೀದ್ ಆತು, ಮೊದಲ ಮಳಿನೂ ಬಿತ್ತು. ಇಮಾಮಬಿ ನಿಕಾಹದ ಹಿಂದಿನ ದಿನ ಮುಂಜಾನೆ ಹೂವಪ್ಪ ಕುರಪಿ ಹಣೀತಿದ್ದ. ಬಾಗಲದಾಗ ನೆರಳು ಬಿತ್ತು. ನೋಡಿದ್ರ ದಿಲಾವರ.

"ಹೂವಪ್ಪಾ, ಒಂದು ಕೇಳಾಕ ಬಂದೇನಿ."

ಹೂವಪ್ಪ ಎದ್ದು ನಿಂತ. ಕೈಯಾಗಿನ ಸುತ್ತಿಗಿ ಎಲ್ಲಿ ಇಡಬೇಕು ತಿಳೀಲಿಲ್ಲ.

"ನಾಳೆ ಮದುಮಕ್ಕಳನ್ನ ಬೀಗರ ಊರು ಹಿರೇಕೆರೂರಿಗೆ ಮುಟ್ಟಿಸಬೇಕು. ಬ್ಯಾರೆಯವರ ಬಾಡಿಗಿ ಗಾಡಿ ಹೇಳಬಹುದು. ನನಗ ನನ್ನ ಮಗಳನ್ನ ನನ್ನ ಮೋಟಾರಿನ್ಯಾಗ ಕಳಸೂ ಆಸೆ. ಆ ಹೊಲಿಗಿ ಅಷ್ಟು ದೂರ ತಾಳತೈತೇನು? ನೀ ಹೆಂಗ ಹೇಳ್ತಿ ಹಂಗ ಮಾಡ್ತೇನಿ."

ಬ್ಯಾರೆ ದಿನ ಆಗಿದ್ರ ಹೂವಪ್ಪ ಎದಿ ತಟ್ಟಿ ಹೇಳ್ತಿದ್ದ. ಈಗ ಕಣ್ಣ ಮುಂದ ಇಮಾಮಬಿ ಬಂದಳು, ತನ್ನ ತೊಡಿ ಮ್ಯಾಲೆ ಆಡಿದ ಕೂಸು.

"ಶಿಗ್ಗಾಂವಿಗೆ ಅಂದಿದ್ರ ಹೂಂ ಅಂತಿದ್ದೆ," ಅಂದ. "ತಾಳತೈತಿ ಅಂತ ನನ್ನ ಕೈ ಹೇಳತೈತಿ. ಆದ್ರ ಅವತ್ತೂ ನಾ ಕೈ ಮಾತ ಕೇಳಿದ್ದೆ. ಹಿರೇಕೆರೂರು ದೂರ. ಖಾತ್ರಿ ಕೊಡಾಕ ನನಗ ಆಗೂದಿಲ್ಲ ದಿಲಾವರ. ಕೂಸಿನ್ನ ಬ್ಯಾರೆ ಗಾಡ್ಯಾಗ ಕಳಸು."

ದಿಲಾವರ ಅವನ ಮಾರಿ ನೋಡಿದ. ಎಷ್ಟೋ ತಿಂಗಳ ಮ್ಯಾಲೆ ನೆಟ್ಟಗ ನೋಡಿದ.

"ಅದರಾಗ ಹೋಗ್ತಾಳ," ಅಂದ. "ನೀ ಮುಂದ ನನ್ನ ಬಾಜೂ ಕುಂದ್ರು. ಎಲ್ಲಿ ನಿಲ್ಲಿಸು ಅಂತಿ, ಅಲ್ಲಿ ನಿಲ್ಲಸ್ತೇನಿ. ಒಗದ ಧೋತರಾ ಉಟಗೊಂಡು ಬಾ."

ಅಷ್ಟು ಅಂದು ಹ್ವಾದ. ಅಡಿವೆವ್ವ ಕೈ ಒರಸಿಕೊಂತ ಹೊರಗ ಬಂದಳು. ಗಂಡ ಅಡಿಗಲ್ಲಿನ ಮ್ಯಾಲೆ ಕುಂತು, ಮಸಿ ಕೈಯಾಗ ಮಾರಿ ಮುಚ್ಚಿಕೊಂಡು, ಸಣ್ಣ ಹುಡುಗರಂಗ ಬಿಕ್ಕತಿದ್ದ.

"ಅಯ್ಯ, ಏನಾತ್ರಿ? ಏನಂದ್ರು ಅವರು?"

ಹೂವಪ್ಪ ಮಾರಿ ಮ್ಯಾಲಿನ ಕೈ ತಗದ.

"ನನ್ನ ಕೇಳಾಕ ಬಂದಿದ್ದ," ಅಂದ. "ಅಡಿವೆವ್ವಾ, ದಿಲಾವರ ನನ್ನ ಒಂದು ಮಾತು ಕೇಳಾಕ ಬಂದಿದ್ದ."