ಹಿಟ್ಟಿಗೆ ಹಾಕಿದ ಚಿಲಕ

ಸಾವಳಗಿಯ ಹೈಸ್ಕೂಲಿನಲ್ಲಿ ಅಣ್ಣಾಸಾಹೇಬ ಮಾಸ್ತರರು ಇಪ್ಪತ್ತೆಂಟು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದರು. ತಮಗೆ ಗೊತ್ತಿಲ್ಲದ ಇಂಗ್ಲಿಷ್ ಶಬ್ದ ಜಮಖಂಡಿ ತಾಲೂಕಿನೊಳಗಂತೂ ಬಂದಿಲ್ಲ ಎಂಬುದು ಅವರ ನಂಬಿಕೆ.

ಎಂಟನೆಯ ಇಯತ್ತೆಯ ಒಂದು ಪಾಠದಲ್ಲಿ ಮುದುಕಿಯೊಬ್ಬಳು ‘ಬೋಲ್ಟೆಡ್ ದ ಫ್ಲೌರ್’, ಆಮೇಲೆ ರೊಟ್ಟಿ ಮಾಡಿದಳು ಎಂದಿತ್ತು. ಮಾಸ್ತರರು ಪ್ರತಿ ವರ್ಷದಂತೆ ಈ ಸಲವೂ, “ಅಂದ್ರ, ಹಿಟ್ಟಿನ ಡಬ್ಬಿಗೆ ಚಿಲಕ ಹಾಕಿದ್ಲು,” ಎಂದರು.

ಹಿಟ್ಟಿನ ಗಿರಣಿಯ ಲಗಮವ್ವನ ಮಗಳು ಪ್ರೀತಿ ಎದ್ದು ನಿಂತಳು. “ಸರ್, ಚಿಲಕ ಹಾಕಿದ ಮ್ಯಾಲ ರೊಟ್ಟಿ ಯಾತರದ್ದು ಬಡದ್ಲರಿ?”

ವರ್ಗವೆಲ್ಲ ನಕ್ಕಿತು. “ಏ, ಸುಮ್ಮ ಕೂಡ್ರು,” ಎಂದು ಗದರಿಸಿದರೂ ಮಾಸ್ತರರ ಕಿವಿ ಬಿಸಿಯಾಯಿತು. ಸಂಜೆ ಮನೆಗೆ ಬಂದವರೇ ಚಹಾ ಕುಡಿಯದೆ ದಪ್ಪ ನಿಘಂಟು ತೆಗೆದು ‘ಬೋಲ್ಟ್’ ಹುಡುಕಿದರು. ಚಿಲಕ, ಓಡಿಹೋಗು, ಗಬಗಬ ತಿನ್ನು... ಎಲ್ಲಕ್ಕೂ ಕೆಳಗೆ, ಸಣ್ಣ ಅಕ್ಷರದಲ್ಲಿ: ಹಿಟ್ಟು ಸಾಣಿಸು, ಜರಡಿ ಹಿಡಿ; ಹಳೆಯ ಬಳಕೆ.

ಅಡುಗೆಮನೆಯಲ್ಲಿ ಹೆಂಡತಿ ಮಾದೇವಿ ಸಾಣಿಗೆ ಹಿಡಿದು ಕೂತಿದ್ದಳು. “ನೀ ಈಗ ಬೋಲ್ಟ್ ಮಾಡಾಕತ್ತೀ,” ಎಂದರು ಮಾಸ್ತರರು.

“ನಾ ಯಾಕ ಮಾಡ್ಲಿ? ಬಾಗಲಾ ತೆರದೈತಿ ನೋಡ್ರಿ.”

ಮರುದಿನ ಅವರು ಅದೇ ಸಾಣಿಗೆ, ಒಂದು ಪಾವು ಜೋಳದ ಹಿಟ್ಟು ಹಿಡಿದು ವರ್ಗಕ್ಕೆ ಹೋದರು. ಟೇಬಲ್ಲಿನ ಮೇಲೆ ಪೇಪರು ಹಾಸಿ ಸಾಣಿಸತೊಡಗಿದರು. ಅಂಗಿ, ಮೀಸೆ ಎರಡೂ ಬೆಳ್ಳಗಾದವು.

“ಇದು ಬೋಲ್ಟ್ ಮಾಡೂದು. ಈ ಅರ್ಥದಾಗ ಭಾಳ ಮಂದಿ ಬಳಸೂದಿಲ್ಲ. ನಿನ್ನೆ ನಾ ತಪ್ಪ ಹೇಳಿದ್ದೆ.”

“ಹಂಗಲ್ರಿ ಸರ್, ಹಿಟ್ಟೆಲ್ಲಾ ಹೊರಗ ಬೀಳಾಕತ್ತೈತಿ,” ಎಂದು ಪ್ರೀತಿ ಓಡಿಬಂದು ಸಾಣಿಗೆ ಇಸಿದುಕೊಂಡಳು. ಅವಳ ಕೈಯಲ್ಲಿ ಅದು ಹಗುರಾಗಿ ಆಡಿತು. ಒಂದು ಚಿಟಿಕೆಯೂ ಚೆಲ್ಲಲಿಲ್ಲ. ಮಾಸ್ತರರು ಪಕ್ಕಕ್ಕೆ ಸರಿದು ನಿಂತು ನೋಡಿದರು. ಯಾಕೋ ಹಗುರೆನಿಸಿತು.

ಆದರೆ ಇಪ್ಪತ್ತೆಂಟು ವರ್ಷಗಳಿಂದ ಕಲಿತುಹೋದ ಹುಡುಗರಿಗೆ ಹೇಳುವವರು ಯಾರು? ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬರೆದರು: ‘ಬೋಲ್ಟ್ ಎಂದರೆ ಹಿಟ್ಟು ಸಾಣಿಸುವುದೂ ಹೌದು. ತಪ್ಪು ನನ್ನದು.’

ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹೊಳೆಪ್ಪನ ಉತ್ತರ ಕೂಡಲೇ ಬಂತು: ‘ಸರ್, ನಾ ಪರೀಕ್ಷಾದಾಗ ಸಾಣಿಸಿದ್ಲು ಅಂತನ ಬರದಿದ್ನಿರಿ. ಎರಡು ಮಾರ್ಕ್ಸ್ ಕಡದಿದ್ರಿ.’

ಮಾಸ್ತರರು ಟೈಪು ಮಾಡಿದರು: ‘ಕೊಟ್ಟೇನಿ ತಗೋ. ಈಗ ನೀ ಪಾಸ್.’

‘ಅವಾಗೂ ಪಾಸ್ ಆಗಿದ್ನಿರಿ ಸರ್!’