ಜೋವಿನ್ ಬಿಟ್ಟುಕೊಟ್ಟ ವಾದ

"ನೆಟ್ಟಗಿನ ರಸ್ತೆಯಲ್ಲಿ ಹುಲಿ, ತಿರುವಿನಲ್ಲಿ ಎಮ್ಮೆ." ಜೋವಿನ್‌ನ ಕಾರಿನ ಬಗ್ಗೆ ಈ ಗಲ್ಫ್ ಊರು ಅಲ್ ಖೋರಿನ ಕಾರು ಹುಚ್ಚರೆಲ್ಲ ಹೇಳುತ್ತಿದ್ದದ್ದು ಇಷ್ಟೇ. ಅಮೆರಿಕದ ಹಳೇ ಸ್ಪೋರ್ಟ್ಸ್ ಕಾರು. ಉದ್ದ ಮೂತಿ, ದೈತ್ಯ ಎಂಜಿನ್, ಗೇರು ಕೈಯಲ್ಲೇ ಹಾಕಬೇಕು, ಓಡಿಸುವವನ ತಪ್ಪು ತಿದ್ದುವ ಎಲೆಕ್ಟ್ರಾನಿಕ್ಸ್ ಒಂದೂ ಇಲ್ಲ. ನನಗೋ, ಎ.ಸಿ. ತಣ್ಣಗಿದ್ದರೆ ಎಲ್ಲ ಕಾರೂ ಒಂದೇ. ಆದರೆ ಶಿರ್ವದ ಜೋವಿನ್ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು. ಕಂಪನಿ ಬಸ್ಸಿನಲ್ಲೂ ಪಕ್ಕದಲ್ಲೇ ಕೂತು ಆ ಕಾರಿನ ಪುರಾಣ ಬಿಚ್ಚುತ್ತಿದ್ದ. ನನ್ನ ಕರ್ಮ.

ಮ್ಯಾನೇಜರ್ ಸುಮ್ಮಸುಮ್ಮನೆ ಬೈದರೂ "ಓಕೆ ಸರ್" ಎನ್ನುವ ಪ್ರಾಣಿ ಅವನು. ಕಾರಿನ ಮಾತು ಬಂದರೆ ಮಾತ್ರ ಯಾರಿಗೂ ಸೋಲುತ್ತಿರಲಿಲ್ಲ.

"ರೇಸ್ ಟ್ರ್ಯಾಕಿನಲ್ಲಿ ಎರಡೇ ಸುತ್ತು, ಅದರ ಬ್ರೇಕ್ ಖಲಾಸ್" ಎಂದು ಉಮರ್ ಕೆಣಕುತ್ತಿದ್ದ. ಉಪ್ಪಿನಂಗಡಿಯವನು, ಜರ್ಮನ್ ಕಾರುಗಳ ಭಕ್ತ.

"ಒತ್ಲಿಕ್ಕೆ ಗೊತ್ತಿಲ್ಲದವರಿಗೆ ಖಲಾಸ್ ಮಾರಾಯ. ಟ್ರ್ಯಾಕಿಗೆ ಬಾ, ತೋರಿಸ್ತೇನೆ."

ಕಳೆದ ಚಳಿಗಾಲದ ಒಂದು ಶುಕ್ರವಾರ, ವಾರದ ರಜೆಯ ದಿನ, ಚರ್ಚಿನಲ್ಲಿ ಬಲಿಪೂಜೆ ಮುಗಿಸಿಕೊಂಡು, ತೋರಿಸಲು ಹೊರಟೇಬಿಟ್ಟ. ಟ್ರ್ಯಾಕಿಗೆ ಇಳಿಯುವ ಕಾರಿನೊಳಗೆ ಅಲ್ಲಾಡುವ ವಸ್ತು ಏನೂ ಇರಕೂಡದು. ಮ್ಯಾಟು, ಜಾಕು ಎಲ್ಲ ಹಿಂದಿನ ದಿನವೇ ತೆಗೆದಿಟ್ಟಿದ್ದ. ಕನ್ನಡಿಗೆ ನೇತುಹಾಕಿದ್ದ ಜಪಸರವನ್ನೂ ಬಿಚ್ಚಿದ್ದ. ಅದಕ್ಕೆ ಅವನ ಹೆಂಡತಿ ಕ್ಯಾರೊಲ್ ಮುಖ ಊದಿಸಿಕೊಂಡು ಮನೆಯಲ್ಲೇ ಉಳಿದಳು.

ನಾನು ಬೇಲಿಯಾಚೆ ನಿಂತಿದ್ದೆ. ಕೆಲವು ಸುತ್ತಾದ ಮೇಲೆ ಜೋವಿನ್ ಉಮರನನ್ನು ತಿರುವಿನಲ್ಲೇ ಹಿಂದೆ ಹಾಕಿದ. ತಿರುವಿನಲ್ಲೇ! ಏನೂ ಅರಿಯದ ನಾನೂ ಕೂಗಿಬಿಟ್ಟೆ. ಮುಂದಿನ ಸುತ್ತಿನಲ್ಲಿ, ನೇರ ರಸ್ತೆ ಮುಗಿಯುವ ಕಡೆ, ಕಾರು ನಿಧಾನವಾಗಲೇ ಇಲ್ಲ. ಟೈರುಗಳ ಗೋಡೆಗೆ ಹೋಗಿ ಬಡಿಯಿತು. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಆಮೇಲೆ ಅವನ ಪರ್ಸು ತರಲೆಂದು ಕಾರು ನಿಲ್ಲಿಸಿದ್ದ ಯಾರ್ಡಿಗೆ ಹೋದೆ. ಬ್ರೇಕ್ ಪೆಡಲಿನ ಹಿಂದೆ ಪ್ಲಾಸ್ಟಿಕ್ ಬಾಟಲಿಯೊಂದು ಅಪ್ಪಚ್ಚಿಯಾಗಿ ಸಿಕ್ಕಿಕೊಂಡಿತ್ತು. ಮೇರಿ ಮಾತೆಯ ಆಕಾರ, ನೀಲಿ ಮುಚ್ಚಳ. ವೇಲಾಂಕಣಿಯಿಂದ ಪವಿತ್ರ ಜಲ ತುಂಬಿಸಿ ತರುತ್ತಾರಲ್ಲ, ಅಂಥದ್ದು. ತುಂಬಿದ ಬಾಟಲಿ ಉರುಳಿ ಬಂದು ಪೆಡಲ್ ಇಳಿಯದಂತೆ ತಡೆದಿತ್ತು.

ಆಸ್ಪತ್ರೆಯಲ್ಲಿ ಅದನ್ನು ಕಂಡ ಕೂಡಲೇ ಜೋವಿನ್‌ಗೆ ಎಲ್ಲವೂ ಅರ್ಥವಾಯಿತು.

"ಜಪಸರ ತೆಗೆದೆನಲ್ಲ, ಹೆದರಿ ಅವಳೇ ಸೀಟಿನ ಅಡಿಯಲ್ಲಿ ಇಟ್ಟದ್ದು. ಅವಳಿಗೆ ಗೊತ್ತಾಗ್ಬಾರ್ದು ವೆಂಕಟರಾಮು. ಗೊತ್ತಾದ್ರೆ ಅವಳು ಬದುಕಿ ಉಳಿಯುದಿಲ್ಲ."

ನನಗೆ ಕ್ಯಾರೊಲ್ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು. ಆದರೂ ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿ ಬಂದೆ.

ಸಂಜೆ ಉಮರ್ ಮತ್ತು ಅವನ ಬಳಗ ಬಂತು. ಮೊದಲು ಕಣ್ಣೀರು. ಅದು ಒಣಗುವ ಮೊದಲೇ ಕಾರಿನ ಚರ್ಚೆ. ಕಾಲು ಕಳೆದುಕೊಂಡವನ ಮಂಚದ ಸುತ್ತ ನಿಂತರೂ ಈ ಜನಕ್ಕೆ ಬ್ರೇಕ್ ಪ್ಯಾಡೇ ದೊಡ್ಡದು.

"ನಾನು ಹೇಳಿರ್ಲಿಲ್ವಾ? ಬ್ರೇಕ್ ಬಿಸಿಯಾಗಿ ಕೈ ಕೊಟ್ಟದ್ದು" ಎಂದ ಉಮರ್.

ತಲೆಯ ಹತ್ತಿರ ನಿಂತಿದ್ದ ಕ್ಯಾರೊಲ್ ಗಂಡನ ಕಡೆ ಬಗ್ಗಿದಳು. "ಹೌದಾ? ಬ್ರೇಕಾ?"

ಜೋವಿನ್ ಚಾವಣಿ ನೋಡಿದ. "ಹೌದು. ಉಮರ್ ಹೇಳಿದ್ದೇ ಸರಿ. ಆ ಕಾರು ಟ್ರ್ಯಾಕಿಗೆ ಲಾಯಕ್ಕಲ್ಲ."

ಗೆದ್ದ ಉಮರ್ ತಲೆ ತಗ್ಗಿಸಿದ. ಕ್ಯಾರೊಲ್ ಕಣ್ಣೊರೆಸಿಕೊಂಡು ನಮಗೆಲ್ಲ ಹೇಳಿದಳು: "ಇವರಿಗೆ ಗೊತ್ತಿಲ್ಲದೆ ಸೀಟಿನ ಅಡಿಯಲ್ಲಿ ಮಾತೆಯ ನೀರು ಇಟ್ಟಿದ್ದೆ. ಅದಿದ್ದದ್ದಕ್ಕೆ ಜೀವ ಆದ್ರೂ ಉಳಿಯಿತು."

ನಾನು ಜೋವಿನ್‌ನ ಮುಖ ನೋಡಲಾರದೆ ಹೋದೆ. ಅವಳು ಚೀಲದಿಂದ ಅಂಥದ್ದೇ ಇನ್ನೊಂದು ಬಾಟಲಿ ತೆಗೆದು, ಬೆರಳು ಅದ್ದಿ, ಬ್ಯಾಂಡೇಜಿನ ಮೇಲೆ ಶಿಲುಬೆ ಬರೆದಳು.

"ಇನ್ನೂ ಸ್ವಲ್ಪ ಹಾಕು" ಎಂದ ಜೋವಿನ್.